ಕತ್ತು ನೋಯುತ್ತದೆ ಸರಿ, ತಪ್ಪು ಕತ್ತಿನದ್ದೇನಾ?

ಪ್ರಶ್ನೆ: ನನಗೆ 39 ವರ್ಷ, ದಾವಣಗೆರೆಯಲ್ಲಿ ಹೈಸ್ಕೂಲ್ ಶಿಕ್ಷಕಿ. ಕಾಲೇಜಿನ ದಿನಗಳಿಂದ ಮೈಗ್ರೇನ್ ಇದೆ. ಮೊದಲು ತಿಂಗಳಿಗೆ ಎರಡು ಮೂರು ಸಲ ಬರುತ್ತಿತ್ತು. ಒಂದೂವರೆ ವರ್ಷದಿಂದ ತಿಂಗಳಲ್ಲಿ ಹದಿನೆಂಟು ಇಪ್ಪತ್ತು ದಿನ ತಲೆನೋವು. ಅದರಲ್ಲಿ ಹತ್ತು ದಿನವಾದರೂ ವಾಂತಿ ಬರುತ್ತದೆ, ಬೆಳಕು ಕಂಡರಾಗದು. ಪ್ರತಿ ಸಲವೂ ಮೊದಲು ಕತ್ತು ಹಿಡಿದುಕೊಳ್ಳುತ್ತದೆ. ಆಮೇಲೆ ನೋವು ಬಲಗಣ್ಣಿನ ಹಿಂದಕ್ಕೆ ಹೋಗುತ್ತದೆ, ಕೆಲವೊಮ್ಮೆ ಎಡಕ್ಕೆ. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಸ್ಪಾಂಡಿಲೈಟಿಸ್ ಅಂದರು, ಕಾಲರ್ ಮತ್ತು ಮಾತ್ರೆ ಕೊಟ್ಟರು. ಎಂಆರ್‌ಐನಲ್ಲಿ ಸಿ5-ಸಿ6 ಡಿಸ್ಕ್ ಉಬ್ಬಿದೆ ಅಂತ ಬಂದಿದೆ. ನರರೋಗ ತಜ್ಞರು ಇದು ಕ್ರಾನಿಕ್ ಮೈಗ್ರೇನ್, ಕತ್ತಿನ ಚಿಂತೆ ಬಿಡಿ ಅನ್ನುತ್ತಾರೆ. ತಲೆನೋವಿನ ಮಾತ್ರೆ ವಾರಕ್ಕೆ ಎರಡು ದಿನ, ಕತ್ತಿನ ಮಾತ್ರೆ ವಾರಕ್ಕೆ ಮೂರು ದಿನ ತಗೊಳ್ತೀನಿ. ಯಾರ ಮಾತು ಕೇಳಲಿ? ಕತ್ತಿನ ವ್ಯಾಯಾಮ ಮಾಡಿದರೆ ಮೈಗ್ರೇನ್ ಹೋಗುತ್ತದಾ? ನಮ್ಮ ಅತ್ತೆಯವರು ಕತ್ತಿನ ನೆಟಿಗೆ ತೆಗೆಸಿದರೆ ಸರಿಹೋಗುತ್ತೆ ಅಂತಾರೆ. ಮಾಡಿಸಬಹುದಾ?

ಉತ್ತರ: ನೀವು ಬರೆದಿರುವ ಲೆಕ್ಕ ನೋಡಿದರೆ ನರರೋಗ ತಜ್ಞರು ಹೇಳಿದ ಕಾಯಿಲೆಯ ಹೆಸರು ಸರಿಯಾಗಿಯೇ ಇದೆ. ಆದರೆ ‘ಕತ್ತಿನ ಚಿಂತೆ ಬಿಡಿ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕತ್ತು ನೋಯುತ್ತಿದೆ ಅಂದ ಮಾತ್ರಕ್ಕೆ ಕತ್ತು ಕೆಟ್ಟಿದೆ ಎಂದಲ್ಲ. ಹಾಗಂತ ಕೈಯಿಟ್ಟು ನೋಡದೆ ಅದು ಚೆನ್ನಾಗಿದೆ ಎಂದು ಹೇಳಲೂ ಬರುವುದಿಲ್ಲ. ನಿಮ್ಮ ಕತ್ತಿನ ಎಕ್ಸ್‌ರೇ ಆಯಿತು, ಎಂಆರ್‌ಐ ಆಯಿತು. ಆದರೆ ಅದು ಹೇಗೆ ಕೆಲಸ ಮಾಡುತ್ತಿದೆ ಎಂದು ಯಾರಾದರೂ ಪರೀಕ್ಷೆ ಮಾಡಿದರೇ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ. ನಾನು ಫಿಸಿಯೋಥೆರಪಿಸ್ಟ್, ಹಾಗಾಗಿ ಕತ್ತಿನ ವಿಚಾರವನ್ನೇ ಜಾಸ್ತಿ ಬರೆಯುತ್ತೇನೆ. ಮಾತ್ರೆ ಬದಲಿಸುವುದು, ನಿಲ್ಲಿಸುವುದು ನಿಮ್ಮ ಡಾಕ್ಟರ ಕೆಲಸ.

ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ, ಹೀಗೆ ಮೂರು ತಿಂಗಳಿಗಿಂತ ಜಾಸ್ತಿ ನಡೆದರೆ ಅದನ್ನು ಕ್ರಾನಿಕ್ ಮೈಗ್ರೇನ್ ಎನ್ನುತ್ತಾರೆ. ನಿಮ್ಮದು ಆ ಗೆರೆಯನ್ನು ಯಾವಾಗಲೋ ದಾಟಿದೆ. ನೋವು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಬರುತ್ತದೆ ಎಂದು ಬರೆದಿದ್ದೀರಿ. ಅದು ಮುಖ್ಯ. ಕತ್ತಿನ ಕೀಲಿನಿಂದಲೇ ಹುಟ್ಟುವ ತಲೆನೋವು ಬೇರೆ ಇದೆ. ಅದು ಸಾಮಾನ್ಯವಾಗಿ ಒಂದೇ ಬದಿಗೆ ಅಂಟಿಕೊಂಡಿರುತ್ತದೆ. ಕತ್ತು ತಿರುಗಿಸಿದರೆ ಏಳುತ್ತದೆ ಅಥವಾ ಏರುತ್ತದೆ. ವಾಂತಿ, ಬೆಳಕಿನ ಕಾಟ ಇಷ್ಟು ಜೋರಾಗಿ ಇರುವುದಿಲ್ಲ.

ಇನ್ನೊಂದು ಸಂಗತಿ ತಿಳಿದಿರಲಿ. ನೀವು ಒಬ್ಬರೇ ಅಲ್ಲ. ನಿಮ್ಹಾನ್ಸ್‌ನವರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಮನೆಮನೆಗೆ ಹೋಗಿ ವಿಚಾರಿಸಿದ್ದರು. 2015ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಒಂದು ವರ್ಷದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಕಾಡಿತ್ತು. ಕತ್ತುನೋವಿನ ಕಥೆ ಇನ್ನೂ ದೊಡ್ಡದು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಮರ್ಶೆ 2022ರಲ್ಲಿ ಬಂತು. ತಲೆನೋವೇ ಇಲ್ಲದವರಲ್ಲಿ ನೂರಕ್ಕೆ ಸುಮಾರು 23 ಮಂದಿಗೆ ಕತ್ತುನೋವು. ಮೈಗ್ರೇನ್ ಇದ್ದವರಲ್ಲಿ ಸುಮಾರು 77 ಮಂದಿಗೆ. ಕ್ರಾನಿಕ್ ಮೈಗ್ರೇನ್ ಆದರೆ ಅದು 87ರ ಹತ್ತಿರ ಹೋಗುತ್ತದೆ. ಅಂದರೆ ನಿಮ್ಮ ಕಾಯಿಲೆಯಲ್ಲಿ ಕತ್ತು ನೋಯದೆ ಇದ್ದರೇ ಆಶ್ಚರ್ಯ.

ಯಾಕೆ ಹೀಗೆ? ಕತ್ತಿನ ಮೇಲ್ಭಾಗದಿಂದ, ಅಂದರೆ ಹಿಂದಲೆಯ ಬುಡದಲ್ಲಿರುವ ಮೊದಲ ಮೂರು ನರಗಳಿಂದ ನೋವಿನ ಸುದ್ದಿ ಬರುತ್ತದೆ. ಹಣೆ, ಕಣ್ಣು ಮತ್ತು ಮೆದುಳಿನ ಹೊದಿಕೆಯ ಸುದ್ದಿಯನ್ನು ಟ್ರೈಜೆಮಿನಲ್ ಎಂಬ ನರ ತರುತ್ತದೆ. ಎರಡೂ ಬಂದು ಸೇರುವುದು ಮೆದುಳಿನ ಬುಡದ ಒಂದೇ ಜಾಗಕ್ಕೆ. ಎರಡು ಊರಿನ ಹಳ್ಳದ ನೀರು ಒಂದೇ ಕೆರೆಗೆ ಬಂದು ಬಿದ್ದ ಹಾಗೆ. ಕೆರೆ ದಂಡೆಯಲ್ಲಿ ನಿಂತವರಿಗೆ ಯಾವ ನೀರು ಯಾವ ಊರಿನದು ಅಂತ ಗೊತ್ತಾಗುತ್ತದೆಯೇ? ಮೆದುಳಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಕತ್ತಿನ ತೊಂದರೆ ಕಣ್ಣಿನ ಹಿಂದೆ ನೋಯಬಹುದು. ತಲೆಯೊಳಗಿನ ಮೈಗ್ರೇನ್ ಕತ್ತಿನಲ್ಲಿ ನೋಯಬಹುದು. ಲಂಡನ್ನಿನಲ್ಲಿ ಥಾರ್ಸ್ಟನ್ ಬಾರ್ಟ್ಷ್ ಮತ್ತು ಪೀಟರ್ ಗೋಡ್ಸ್‌ಬಿ ಇದನ್ನು ಇಲಿಗಳ ಮೇಲೆ ಪರೀಕ್ಷಿಸಿ 2002 ಮತ್ತು 2003ರಲ್ಲಿ ಪ್ರಕಟಿಸಿದರು. ಹಿಂದಲೆಯ ನರವನ್ನು ಕೆಣಕಿದರೆ ಮೆದುಳಿನ ಹೊದಿಕೆಯಿಂದ ಬರುವ ಸಂಕೇತಕ್ಕೆ ಆ ಜಾಗದ ಜೀವಕೋಶಗಳು ಮೊದಲಿಗಿಂತ ಜಾಸ್ತಿ ಸ್ಪಂದಿಸುತ್ತಿದ್ದವು. ತಿರುಗಿಸಿ, ಅಂದರೆ ಮೆದುಳಿನ ಹೊದಿಕೆಯನ್ನು ಕೆಣಕಿ ಕತ್ತಿನ ಕಡೆಯ ಸಂಕೇತ ನೋಡಿದರೂ ಹಾಗೆಯೇ. ಈ ಗೋಡ್ಸ್‌ಬಿಯವರೇ ಮುಂದೆ ಮೈಗ್ರೇನ್ ಸಂಶೋಧನೆಗಾಗಿ 2021ರ ಬ್ರೇನ್ ಪ್ರೈಜ್ ಎಂಬ ಮೆದುಳು ಸಂಶೋಧನೆಯ ಪ್ರಶಸ್ತಿ ಹಂಚಿಕೊಂಡವರಲ್ಲಿ ಒಬ್ಬರು.

ಈಗ ನಿಮ್ಮ ‘ಮೊದಲು ಕತ್ತು ಹಿಡಿದುಕೊಳ್ಳುತ್ತದೆ’ ಎಂಬ ಮಾತಿಗೆ ಬರೋಣ. ಕತ್ತು ಮೊದಲು, ತಲೆ ಆಮೇಲೆ, ಆದ್ದರಿಂದ ಕತ್ತೇ ಕಾರಣ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಲೆಕ್ಕ ಸಹಜವಾಗಿಯೇ ಇದೆ, ಆದರೆ ಮೈಗ್ರೇನ್ ಶುರುವಾಗುವುದು ನೋವು ಕಾಣಿಸಿಕೊಂಡಾಗ ಅಲ್ಲ. ಅದಕ್ಕೆ ಎಷ್ಟೋ ಗಂಟೆ ಮೊದಲೇ, ಕೆಲವರಲ್ಲಿ ಹಿಂದಿನ ದಿನವೇ, ಮೆದುಳಿನೊಳಗೆ ಅದು ಶುರುವಾಗಿರುತ್ತದೆ. ಆ ಹೊತ್ತಿನಲ್ಲಿ ಆಕಳಿಕೆ, ಸುಸ್ತು, ಸಿಡುಕು, ಏನಾದರೂ ಸಿಹಿ ತಿನ್ನಬೇಕೆಂಬ ಆಸೆ, ಪದೇಪದೇ ಮೂತ್ರ, ಕತ್ತಿನ ಬಿಗಿತ ಎಲ್ಲ ಬರುತ್ತವೆ. ಮೈಗ್ರೇನ್ ಇದ್ದವರ ಕೈಗೆ ಎಲೆಕ್ಟ್ರಾನಿಕ್ ಡೈರಿ ಕೊಟ್ಟು ಮಾಡಿದ ಒಂದು ಅಧ್ಯಯನ 2003ರಲ್ಲಿ ಬಂತು. ಅದರಲ್ಲಿ ಮುನ್ಸೂಚನೆ ಬರೆದವರಲ್ಲಿ ಸುಮಾರು ಅರ್ಧದಷ್ಟು ಜನ ಕತ್ತು ಬಿಗಿಯುವುದನ್ನು ಹೇಳಿದ್ದರು. ಹಾಗಾಗಿ ನಿಮ್ಮ ಕತ್ತು ಹಿಡಿದುಕೊಂಡಾಗ ಮೈಗ್ರೇನ್ ಬಾಗಿಲು ದಾಟಿ ಒಳಗೆ ಬಂದಾಗಿರಬಹುದು. ಆ ಹೊತ್ತಿನಲ್ಲಿ ಕತ್ತನ್ನು ಜೋರಾಗಿ ತಿಕ್ಕಿಸಿಕೊಂಡು, ಆಮೇಲೆ ತಲೆನೋವು ಬಂದರೆ ‘ತಿಕ್ಕಿದ್ದು ಸಾಲಲಿಲ್ಲ’ ಅಂದುಕೊಳ್ಳುವವರನ್ನು ದಿನಾ ನೋಡುತ್ತೇನೆ.

ಹಾಗಾದರೆ ಎಕ್ಸ್‌ರೇ, ಎಂಆರ್‌ಐ? ‘ಕತ್ತಿನ ಬಾಗು ಹೋಗಿ ನೇರ ಆಗಿದೆ’ ಅಂತ ನಿಮ್ಮ ಎಕ್ಸ್‌ರೇ ರಿಪೋರ್ಟಿನಲ್ಲಿಯೂ ಬರೆದಿರಬೇಕು, ಅಲ್ವಾ? ಅದು ಕತ್ತು ಬಿಗಿ ಹಿಡಿದು ನಿಂತರೂ ಬರುತ್ತದೆ, ಗದ್ದ ಸ್ವಲ್ಪ ಕೆಳಗೆ ಮಾಡಿ ನಿಂತರೂ ಬರುತ್ತದೆ, ಯಾವ ನೋವೂ ಇಲ್ಲದವರಲ್ಲೂ ಬರುತ್ತದೆ. ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಉಬ್ಬಿರುವುದಕ್ಕೂ ಹೆದರಬೇಡಿ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಜನರ ಕತ್ತಿಗೆ ಎಂಆರ್‌ಐ ಮಾಡಿ ನೋಡಿದರು. 2015ರಲ್ಲಿ ಫಲಿತಾಂಶ ಬಂತು. ನೂರಕ್ಕೆ 87ಕ್ಕಿಂತ ಹೆಚ್ಚು ಜನರಲ್ಲಿ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೇ ಹತ್ತರಲ್ಲಿ ಏಳಕ್ಕೂ ಹೆಚ್ಚು ಮಂದಿಗೆ ಇತ್ತು. ಅವರಿಗೆ ನೋವಿರಲಿಲ್ಲ, ನೆನಪಿರಲಿ.

ಇನ್ನೂ ಒಂದು ಮಾತು. ನಿಮ್ಮದು ಸಿ5-ಸಿ6. ಅಂದರೆ ಕತ್ತಿನ ಐದನೆಯ ಮತ್ತು ಆರನೆಯ ಮೂಳೆಗಳ ನಡುವೆ, ಕತ್ತಿನ ಕೆಳಭಾಗ. ಅಲ್ಲಿ ನರ ಒತ್ತಿದರೆ ನೋವು, ಜೋಮು ಭುಜಕ್ಕೆ, ತೋಳಿಗೆ, ಹೆಬ್ಬೆರಳಿನ ಕಡೆಗೆ ಇಳಿಯುತ್ತದೆ. ಕಣ್ಣಿನ ಹಿಂದಕ್ಕೆ ಹತ್ತುವುದಿಲ್ಲ. ತಲೆಗೆ ಸಂಬಂಧ ಇರುವುದು ಮೇಲಿನ ಮೂರು ನರಗಳಿಗೆ ಎಂದು ಆಗಲೇ ಹೇಳಿದೆನಲ್ಲ. ಕೈಗೆ ಏನೂ ತೊಂದರೆ ಇಲ್ಲದಿದ್ದರೆ ಆ ಡಿಸ್ಕಿನ ಮೇಲೆ ನಿಮ್ಮ ತಲೆನೋವಿನ ಆರೋಪ ಹೊರಿಸುವುದು ಕಷ್ಟ. ನಮ್ಮಲ್ಲಿ ಸ್ಪಾಂಡಿಲೈಟಿಸ್ ಎಂಬ ಹೆಸರು ಒಮ್ಮೆ ಅಂಟಿದರೆ ಬಿಡುವುದಿಲ್ಲ. ಜನ ಕತ್ತು ತಿರುಗಿಸಲೂ ಹೆದರುತ್ತಾರೆ. ಹಿಂದೆ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಾರೆ. ಆರು ತಿಂಗಳಲ್ಲಿ ಕತ್ತು ನಿಜವಾಗಿಯೂ ಬಿಗಿಯಾಗುತ್ತದೆ.

ಈಗ ಮುಖ್ಯ ವಿಚಾರ. ಕತ್ತು ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಹೇಗೆ? ಮೊದಲ ಪರೀಕ್ಷೆಗೆ ಯಾರೂ ಬೇಡ. ಒಂದೇ ಪ್ರಶ್ನೆ: ತಲೆನೋವಿಲ್ಲದ ದಿನ ನಿಮ್ಮ ಕತ್ತು ಹೇಗಿರುತ್ತದೆ? ತಲೆನೋವಿನ ಜೊತೆಗೇ ಬಂದು ಜೊತೆಗೇ ಹೋಗುವ ಕತ್ತುನೋವು ಬಹುತೇಕ ಮೈಗ್ರೇನಿನದ್ದೇ. ತಲೆ ತಿಳಿಯಾಗಿರುವ ದಿನವೂ ಕತ್ತು ನೋಯುತ್ತಿದ್ದರೆ, ಒಂದು ಕಡೆ ತಿರುಗಿಸಲು ಆಗದಿದ್ದರೆ, ನೋಟ್‌ಬುಕ್ ತಿದ್ದಿದ ಮೇಲೆ ನೋವು ಹೆಚ್ಚಾಗಿ, ಮಲಗಿದರೆ ಇಳಿಯುತ್ತಿದ್ದರೆ ಅಲ್ಲಿ ಕತ್ತಿನದೂ ಪಾಲಿದೆ ಎಂದು ಲೆಕ್ಕ. ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಎರಡೇ ಗುರುತು ಹಾಕಿ, ತಲೆಗೆ ಒಂದು, ಕತ್ತಿಗೆ ಒಂದು. ಮುಟ್ಟಿನ ದಿನ ಮತ್ತು ಮಾತ್ರೆ ತಗೊಂಡ ದಿನವನ್ನೂ ಬರೆದಿಡಿ. ಈ ಒಂದು ಹಾಳೆ ಎಂಆರ್‌ಐಗಿಂತ ಜಾಸ್ತಿ ಹೇಳುತ್ತದೆ ಎಂದರೆ ಉತ್ಪ್ರೇಕ್ಷೆ ಅಲ್ಲ.

ಉಳಿದ ಪರೀಕ್ಷೆಗಳನ್ನು ತಲೆನೋವಿನಲ್ಲಿ ಪಳಗಿದ ಫಿಸಿಯೋ ಮಾಡಬೇಕು. ಅದೂ ನೋವು ಕಡಿಮೆ ಇರುವ ದಿನ. ಜೋರು ನೋವಿನ ದಿನ ಎಲ್ಲಿ ಮುಟ್ಟಿದರೂ ನೋಯುತ್ತದೆ, ಏನೂ ತಿಳಿಯುವುದಿಲ್ಲ. ಒಂದು ಪರೀಕ್ಷೆಯಲ್ಲಿ ನಿಮ್ಮನ್ನು ಅಂಗಾತ ಮಲಗಿಸಿ, ಗದ್ದವನ್ನು ಎದೆಗೆ ತಾಗುವಷ್ಟು ಬಗ್ಗಿಸಿ, ಹಾಗೇ ಹಿಡಿದು ತಲೆಯನ್ನು ಬಲಕ್ಕೂ ಎಡಕ್ಕೂ ತಿರುಗಿಸುತ್ತಾರೆ. ಹೀಗೆ ಬಗ್ಗಿಸಿದಾಗ ಕೆಳಗಿನ ಕೀಲುಗಳು ಬಿಗಿಯಾಗಿ, ತಿರುಗುವ ಕೆಲಸ ಮೇಲಿನ ಎರಡು ಮೂಳೆಗಳ ನಡುವಿನ ಕೀಲಿಗೇ ಉಳಿಯುತ್ತದೆ. ಆರೋಗ್ಯವಂತರಲ್ಲಿ ಪ್ರತಿ ಬದಿಗೆ 44 ಡಿಗ್ರಿ ಹತ್ತಿರ ಹೋಗುತ್ತದೆ. ಒಂದು ಬದಿಗೆ ಅದು ಹತ್ತು ಡಿಗ್ರಿಗಿಂತ ಜಾಸ್ತಿ ತಗ್ಗಿದರೆ ಆ ಕೀಲನ್ನು ಅನುಮಾನಿಸುತ್ತೇವೆ. ಇದನ್ನು ಮನೆಯಲ್ಲಿ ಗಂಡನ ಕೈಲಿ ಮಾಡಿಸಬೇಡಿ, ದಯವಿಟ್ಟು.

ಇನ್ನೊಂದರಲ್ಲಿ ಹಿಂದಲೆಯ ಕೆಳಗಿನ ಮೂರು ಕೀಲುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ನಿಧಾನವಾಗಿ ಒತ್ತಿ ನೋಡುತ್ತೇವೆ. ‘ಇದೇ, ನನ್ನ ತಲೆನೋವು ಇದೇ’ ಅಂತ ನೀವು ಗುರುತಿಸುತ್ತೀರಾ, ಒತ್ತಿ ಹಿಡಿದಾಗ ಅದು ಕಡಿಮೆಯಾಗುತ್ತಾ ಹೋಗುತ್ತದಾ ಎಂಬುದು ಮುಖ್ಯ. ಆದರೆ ಎಚ್ಚರ, ಮೈಗ್ರೇನ್ ಇದ್ದವರಲ್ಲಿ ಕೀಲು ಸರಿಯಿದ್ದರೂ ಹೀಗೆ ಆಗಬಹುದು. ಇದೊಂದನ್ನೇ ನಂಬಿ ಯಾರಾದರೂ ‘ನಿಮ್ಮದು ಕತ್ತಿನಿಂದಲೇ’ ಎಂದರೆ ನಂಬಬೇಡಿ.

ಮೂರನೆಯದು ನನಗೆ ಇಷ್ಟವಾದದ್ದು. ಗಂಟಲಿನ ಹಿಂದೆ, ಬೆನ್ನುಮೂಳೆಗೆ ಅಂಟಿಕೊಂಡು ಒಳಸ್ನಾಯುಗಳಿವೆ. ಸುಮಾರು ನಾಲ್ಕೈದು ಕಿಲೋ ಭಾರದ ತಲೆಯನ್ನು ದಿನವಿಡೀ ಅಲುಗಾಡದಂತೆ ಹಿಡಿಯುವುದರಲ್ಲಿ ಇವುಗಳ ಪಾಲು ದೊಡ್ಡದು. ನೋವಿರುವವರಲ್ಲಿ ಇವು ಸುಮ್ಮನಾಗುತ್ತವೆ, ಹೊರಗಿನ ದಪ್ಪ ಸ್ನಾಯುಗಳು ಇವುಗಳ ಕೆಲಸವನ್ನೂ ಮಾಡಿ ದಣಿಯುತ್ತವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಗ್ವೆಂಡೊಲೆನ್ ಜಲ್ ಅವರ ತಂಡ ಇದನ್ನು ಅಳೆಯುವ ದಾರಿ ಮಾಡಿಕೊಟ್ಟಿತು. ಕತ್ತಿನ ಕೆಳಗೆ ಗಾಳಿ ತುಂಬಿದ ಸಣ್ಣ ಚೀಲ ಇಟ್ಟು, ಒತ್ತಡ 20ಕ್ಕೆ ನಿಲ್ಲಿಸಿ, ತಲೆಯನ್ನು ಎತ್ತದೆ ‘ಹೂಂ’ ಎಂದಂತೆ ಗದ್ದ ಆಡಿಸಲು ಹೇಳುತ್ತಾರೆ. ಒತ್ತಡ ತೋರಿಸುವ ಮುಳ್ಳು 22, 24 ಹೀಗೆ 30ರವರೆಗೆ ಏರಬೇಕು, ಪ್ರತಿ ಮೆಟ್ಟಿಲಲ್ಲೂ 10 ಸೆಕೆಂಡು ನಿಲ್ಲಬೇಕು. ಕೇಳಲು ಸುಲಭ. ದೊಡ್ಡ ಪೈಲ್ವಾನರಂತಿರುವವರೂ 24ರಲ್ಲಿ ನಡುಗುತ್ತಾರೆ.

ಇದೇ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಮೈಗ್ರೇನ್ ಮತ್ತು ಕತ್ತುನೋವು ಎರಡೂ ಇದ್ದವರನ್ನು ಇಂಥ ಪರೀಕ್ಷೆಗಳಿಗೆ ಒಳಪಡಿಸಿತು. ಅವರಲ್ಲಿ ಒಂದು ಗುಂಪಿನವರ ಕತ್ತು ನೋವಿಲ್ಲದವರ ಕತ್ತಿನ ಹಾಗೆಯೇ ಕೆಲಸ ಮಾಡುತ್ತಿತ್ತು. ಇನ್ನೊಂದು ಗುಂಪಿನವರದು ಮಾತ್ರ ನಿಜವಾದ ಕತ್ತಿನ ರೋಗಿಗಳ ಹಾಗಿತ್ತು. ನೋವು ಎಷ್ಟಿದೆ ಎಂದು ಕೇಳಿ ಅವರನ್ನು ಬೇರೆ ಮಾಡಲು ಆಗುತ್ತಿರಲಿಲ್ಲ, ಪರೀಕ್ಷೆ ಮಾಡಿಯೇ ತಿಳಿಯಬೇಕಿತ್ತು. ನಿಮ್ಮ ಇಬ್ಬರು ಡಾಕ್ಟರ ಜಗಳ ಬಗೆಹರಿಯುವುದು ಇಲ್ಲಿಯೇ. ನೀವು ಮೊದಲ ಗುಂಪಿನವರಾದರೆ ಕತ್ತಿಗೆ ಎಷ್ಟು ಕರೆಂಟ್ ಕೊಟ್ಟರೂ, ಕತ್ತು ಎಳೆಯುವ ಟ್ರ್ಯಾಕ್ಷನ್ ಎಷ್ಟು ಹಾಕಿದರೂ ದುಡ್ಡು ದಂಡ. ಎರಡನೆಯ ಗುಂಪಿನವರಾದರೆ ಮೈಗ್ರೇನ್ ಚಿಕಿತ್ಸೆಯ ಜೊತೆಗೆ ಕತ್ತಿಗೂ ಕೆಲಸ ಮಾಡಬೇಕು.

ವ್ಯಾಯಾಮದಿಂದ ಮೈಗ್ರೇನ್ ಹೋಗುತ್ತದಾ ಎಂದು ಕೇಳಿದ್ದೀರಿ. ಬರೀ ಕತ್ತಿನ ವ್ಯಾಯಾಮದಿಂದ ಹೋಗುವುದಿಲ್ಲ. ಇದನ್ನು ಹೇಳಲು ನನ್ನಂಥವರು ಹಿಂಜರಿಯುತ್ತೇವೆ, ವ್ಯಾಪಾರ ಕೆಡುತ್ತದೆ ನೋಡಿ. ಕತ್ತಿನಿಂದಲೇ ಹುಟ್ಟುವ ತಲೆನೋವಿನ 200 ಜನರ ಮೇಲೆ ಜಲ್ ತಂಡ ಮಾಡಿದ ಪ್ರಯೋಗ 2002ರಲ್ಲಿ ಬಂತು. ಆರು ವಾರದ ವ್ಯಾಯಾಮ ಮತ್ತು ಕೈ ಚಿಕಿತ್ಸೆಯಿಂದ ತಲೆನೋವು ಚೆನ್ನಾಗಿ ಇಳಿದಿತ್ತು, ವರ್ಷದ ನಂತರವೂ ಆ ಲಾಭ ಉಳಿದಿತ್ತು. ಅದನ್ನೇ ತೋರಿಸಿ ಮೈಗ್ರೇನಿಗೂ ಇದೇ ಮದ್ದು ಎನ್ನುವವರಿದ್ದಾರೆ. ಆದರೆ ಮೈಗ್ರೇನ್ ಇದ್ದವರಿಗೆ ಕತ್ತಿನ ಬಲ ಹೆಚ್ಚಿಸುವ ವ್ಯಾಯಾಮ ಕೊಟ್ಟು, ಇನ್ನೊಂದು ಗುಂಪಿಗೆ ಕೆಲಸ ಮಾಡದ ನಕಲಿ ಅಲ್ಟ್ರಾಸೌಂಡ್ ಹಿಡಿದು ಬ್ರೆಜಿಲ್‌ನಲ್ಲಿ ಹೋಲಿಸಿ ನೋಡಿದಾಗ ಮೈಗ್ರೇನ್ ಬರುವ ದಿನಗಳಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ನನ್ನ ಅನುಭವವೂ ಅದೇ. ಕತ್ತು ಹಗುರಾಗುತ್ತದೆ, ತಿರುಗುತ್ತದೆ, ಕೆಲವರಲ್ಲಿ ಆಕ್ರಮಣದ ಬಿಸಿ ಸ್ವಲ್ಪ ತಗ್ಗುತ್ತದೆ. ಮೈಗ್ರೇನ್ ಮೈಗ್ರೇನಾಗಿಯೇ ಇರುತ್ತದೆ.

ಪರೀಕ್ಷೆಯಲ್ಲಿ ಒಳಸ್ನಾಯು ದುರ್ಬಲ ಎಂದು ಬಂದರೆ ಶುರು ಮಾಡುವುದು ಹೀಗೆ. ಅಂಗಾತ ಮಲಗಿ, ಮಂಡಿ ಮಡಚಿ, ತಲೆಯ ಕೆಳಗೆ ಮಡಿಸಿದ ತೆಳು ಟವಲ್ ಇಟ್ಟುಕೊಳ್ಳಿ. ಹಿಂದಲೆಯನ್ನು ಎತ್ತದೆ, ಹಾಸಿಗೆ ಮೇಲೇ ಜಾರಿಸುತ್ತಾ, ನಿಧಾನವಾಗಿ ‘ಹೌದು’ ಎಂದು ತಲೆಯಾಡಿಸಿ ಅಲ್ಲೇ ನಿಲ್ಲಿಸಿ. ಕತ್ತಿನ ಮುಂಭಾಗಕ್ಕೆ ಎರಡು ಬೆರಳಿಟ್ಟು ನೋಡಿ. ಅಲ್ಲಿನ ಹೊರಸ್ನಾಯು ಹಗ್ಗದಂತೆ ಗಟ್ಟಿಯಾದರೆ ನೀವು ಜಾಸ್ತಿ ಬಲ ಹಾಕುತ್ತಿದ್ದೀರಿ. ಉಸಿರು ಹಿಡಿಯಬೇಡಿ. ಮೊದಲ ವಾರ ಐದು ಸೆಕೆಂಡು, ಆಮೇಲೆ ಹತ್ತು ಸೆಕೆಂಡು, ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಇದು ಬೆವರು ಬರುವ ವ್ಯಾಯಾಮ ಅಲ್ಲ. ‘ಇಷ್ಟೇನಾ’ ಅನ್ನಿಸುವಷ್ಟು ಸಣ್ಣದು. ಆರು ವಾರವಾದರೂ ಬಿಡದೆ ಮಾಡಬೇಕು. ಭುಜದ ಹಲಗೆ ಮೂಳೆಗಳನ್ನು ಹಿಂದಕ್ಕೆ ಕೆಳಕ್ಕೆ ಎಳೆದು ಹಿಡಿಯುವುದನ್ನೂ ಜೊತೆಗೆ ಸೇರಿಸುತ್ತಾರೆ. ತಲೆನೋವು ಜೋರಿರುವ ದಿನ ರಜೆ. ಮಾಡಿದ ಮೇಲೆ ತಲೆನೋವು ಏರಿ ಗಂಟೆಗಟ್ಟಲೆ ನಿಂತರೆ ಅರ್ಧಕ್ಕೆ ಇಳಿಸಿ, ಫಿಸಿಯೋಗೆ ಹೇಳಿ.

ನೀವು ಶಿಕ್ಷಕಿ ಎಂದಿದ್ದರಿಂದ ಎರಡು ಮಾತು. ಕಪ್ಪುಹಲಗೆಯ ಮೇಲ್ತುದಿಯಲ್ಲಿ ಬರೆಯುವಾಗ ಕತ್ತು ಹಿಂದಕ್ಕೆ ಬಾಗಿ, ಕೈ ಮೇಲೆತ್ತಿ ನಿಲ್ಲಬೇಕು. ಕಣ್ಣಿನ ಮಟ್ಟದಿಂದ ಶುರು ಮಾಡಿ, ಮೇಲಿನದ್ದನ್ನು ಎತ್ತರದ ಹುಡುಗರ ಕೈಲಿ ಬರೆಸಿ. ಉತ್ತರಪತ್ರಿಕೆ ತಿದ್ದುವಾಗ ಹಳೇ ಗುಮಾಸ್ತರ ಇಳಿಜಾರು ಡೆಸ್ಕಿನಂತೆ ಹಲಗೆಯೊಂದನ್ನು ಓರೆಯಾಗಿ ಇಟ್ಟುಕೊಂಡರೆ ತಲೆ ಅಷ್ಟು ಬಗ್ಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಇದರಾಚೆಗೆ ‘ಕೂರುವ ಭಂಗಿ ಸರಿಯಿಲ್ಲ, ಅದಕ್ಕೇ ಎಲ್ಲ’ ಎನ್ನುವ ಉಪದೇಶವನ್ನು ತಲೆಗೆ ಹಚ್ಚಿಕೊಳ್ಳಬೇಡಿ. ದಿನವಿಡೀ ನೆಟ್ಟಗೆ ಕೂತರೂ ಕತ್ತು ನೋಯುತ್ತದೆ. ಒಂದೇ ಭಂಗಿಯಲ್ಲಿ ಇರದಿದ್ದರೆ ಸಾಕು.

ಈಗ ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚಿದ ಸಾಲು ಮಾತ್ರೆಯದು. ತಲೆಗೆ ವಾರಕ್ಕೆ ಎರಡು ದಿನ, ಕತ್ತಿಗೆ ಮೂರು ದಿನ. ನೀವು ಎರಡನ್ನೂ ಬೇರೆ ಬೇರೆ ಲೆಕ್ಕ ಇಟ್ಟಿದ್ದೀರಿ. ಮೆದುಳು ಒಂದೇ ಲೆಕ್ಕ ಇಡುತ್ತದೆ. ಬೇರೆ ಬೇರೆ ದಿನವಾದರೆ ತಿಂಗಳಿಗೆ 20 ದಿನ ನೋವಿನ ಮಾತ್ರೆ ಆಯಿತು. ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಮೈಗ್ರೇನಿಗೆಂದೇ ಕೊಡುವ ಟ್ರಿಪ್ಟಾನ್, ಎರ್ಗೊಟಮಿನ್, ಜೋರು ನೋವಿಗೆ ಕೊಡುವ ಟ್ರಮಡಾಲ್‌ನಂಥವು ಅಥವಾ ಎರಡು ಮೂರು ಔಷಧ ಬೆರೆತ ಮಾತ್ರೆ 10 ದಿನ, ಹೀಗೆ ಮೂರು ತಿಂಗಳು ಮೀರಿ ನಡೆದರೆ ಮಾತ್ರೆಯೇ ತಲೆನೋವು ತರಲು ಶುರು ಮಾಡುತ್ತದೆ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ತಲೆನೋವಿನ ಮಾತ್ರೆಗಳಲ್ಲೂ ಎಷ್ಟೋ ಬೆರಕೆಯವೇ. ಉದಾಹರಣೆಗೆ ಸಾರಿಡಾನ್‌ನಲ್ಲಿ ಪ್ಯಾರಾಸಿಟಮಾಲ್, ಪ್ರೊಪಿಫೆನಜೋನ್, ಕೆಫೀನ್ ಮೂರೂ ಇವೆ. ನಿಮ್ಮ ಮೈಗ್ರೇನ್ ತಿಂಗಳಿಗೆ ಮೂರರಿಂದ ಇಪ್ಪತ್ತಕ್ಕೆ ಏರಿದ್ದರಲ್ಲಿ ಕತ್ತಿನ ಮಾತ್ರೆಯ ಕೈವಾಡ ಇರಬಹುದು. ಎರಡೂ ಚೀಟಿಗಳನ್ನು ಒಟ್ಟಿಗೆ ನರರೋಗ ತಜ್ಞರ ಮುಂದೆ ಇಡಿ. ನೀವೇ ಒಮ್ಮೆಗೇ ನಿಲ್ಲಿಸಬೇಡಿ. ನಿಲ್ಲಿಸಿದ ಮೇಲೆ ಎರಡರಿಂದ ಹತ್ತು ದಿನ ನೋವು ಏರುವುದುಂಟು, ಅದಕ್ಕೆ ತಯಾರಿ ಬೇಕು.

ಮೈಗ್ರೇನ್ ಬಾರದಂತೆ ದಿನಾ ತೆಗೆದುಕೊಳ್ಳುವ ತಡೆ ಔಷಧ ನಿಮಗೆ ಶುರುವಾಗಿದೆಯೇ ಎಂದು ಬರೆದಿಲ್ಲ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೊಪಿರಮೇಟ್, ಫ್ಲೂನರಿಜಿನ್ ಎಲ್ಲ ಇವೆ. ಆಸ್ತಮಾ ಇದ್ದರೆ, ತೂಕ ಏರುವ ಭಯ ಇದ್ದರೆ, ಮಗು ಆಗುವ ಯೋಚನೆ ಇದ್ದರೆ ಮೊದಲೇ ಹೇಳಿ, ಆಯ್ಕೆ ಬದಲಾಗುತ್ತದೆ. ಮೈಗ್ರೇನ್ ಹತೋಟಿಗೆ ಬಂದಾಗ ಎಷ್ಟೋ ಜನರ ಕತ್ತು ತಾನಾಗಿಯೇ ಸಡಿಲವಾಗುತ್ತದೆ. ಮಾತ್ರೆಗೆ ಬಗ್ಗದ ಕ್ರಾನಿಕ್ ಮೈಗ್ರೇನಿಗೆ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಇದೆ. ಜನ ಬೊಟಾಕ್ಸ್ ಅನ್ನುವುದು ಇದಕ್ಕೇ. 12 ವಾರಕ್ಕೊಮ್ಮೆ 31 ಜಾಗಕ್ಕೆ ಸಣ್ಣ ಸಣ್ಣ ಚುಚ್ಚು. ಅದರಲ್ಲಿ 16 ಹಿಂದಲೆ, ಕತ್ತು, ಭುಜಕ್ಕೇ ಬೀಳುತ್ತವೆ. ಕೆಲವರಿಗೆ ಇದರಿಂದಲೇ ಕೆಲವು ವಾರ ಕತ್ತು ನೋಯುವುದು, ತಲೆ ಭಾರವಾದಂತೆ ಅನ್ನಿಸುವುದು ಆಗುತ್ತದೆ. ಆಗ ಜೋರು ವ್ಯಾಯಾಮ ಬೇಡ. ಹಿಂದಲೆಯ ನರಕ್ಕೆ ಕೊಡುವ ಇಂಜೆಕ್ಷನ್ನೂ ಇದೆ. ವೆಚ್ಚ, ಲಾಭ ಎಲ್ಲ ಡಾಕ್ಟರ ಹತ್ತಿರ ಕೂತು ಮಾತಾಡಿ.

ನಡಿಗೆ, ಸೈಕಲ್ ಇವುಗಳನ್ನು ಮಾತ್ರ ಮರೆಯಬೇಡಿ. ಸ್ವೀಡನ್‌ನಲ್ಲಿ ವಾರಕ್ಕೆ ಮೂರು ದಿನ 40 ನಿಮಿಷ ಸೈಕಲ್ ತುಳಿದವರಲ್ಲಿ ಮೈಗ್ರೇನ್ ಇಳಿದದ್ದು ಟೊಪಿರಮೇಟ್ ತೆಗೆದುಕೊಂಡವರಲ್ಲಿ ಇಳಿದಷ್ಟೇ ಇತ್ತು. ದೆಹಲಿಯ ಏಮ್ಸ್‌ನಲ್ಲಿ ಔಷಧದ ಜೊತೆ ಮೂರು ತಿಂಗಳು ಯೋಗ ಮಾಡಿದವರಿಗೆ ಬರೀ ಔಷಧದವರಿಗಿಂತ ಹೆಚ್ಚು ಲಾಭ ಸಿಕ್ಕಿತು. ಈ ಎರಡೂ ಪ್ರಯೋಗಗಳಲ್ಲಿ ಇದ್ದವರಿಗೆ ನಿಮ್ಮಷ್ಟು ದಿನ ತಲೆನೋವಿರಲಿಲ್ಲ ಎಂಬುದು ನಿಜ. ಆದರೂ ನಿಧಾನವಾಗಿ ಶುರು ಮಾಡಲು ಅಡ್ಡಿಯಿಲ್ಲ. ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಸದ್ಯಕ್ಕೆ ಬೇಡ.

ಇನ್ನು ಅತ್ತೆಯವರ ಸಲಹೆ. ಅವರ ಕಾಳಜಿ ದೊಡ್ಡದು, ಆದರೆ ಈ ವಿಷಯದಲ್ಲಿ ಬೇಡ ಎನ್ನಿ. ಕತ್ತಿನ ಮೂಳೆಗಳ ಸಣ್ಣ ತೂತುಗಳ ಮೂಲಕ ಮೆದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಹೋಗುತ್ತವೆ. ತಟ್ಟನೆ ತಿರುಚಿದಾಗ ಅಪರೂಪಕ್ಕೆ ಅವುಗಳ ಒಳಪದರ ಹರಿಯುತ್ತದೆ, ಪಾರ್ಶ್ವವಾಯು ಆಗುತ್ತದೆ. ಪಾರ್ಲರಿನಲ್ಲಿ ತಲೆ ತೊಳೆಸಲು ಕತ್ತನ್ನು ಹಿಂದಕ್ಕೆ ಚಾಚಿ ಮಲಗಿ ಹೀಗಾದವರ ಬಗ್ಗೆ 1993ರಷ್ಟು ಹಿಂದೆಯೇ ವೈದ್ಯರು ಬರೆದಿದ್ದಾರೆ. ಕಟಿಂಗ್ ಶಾಪಿನಲ್ಲಿ ಮಸಾಜ್ ಆದ ಮೇಲೆ ಲಟಕ್ ಅನ್ನಿಸುವ ಸೇವೆಯೂ ಇದೇ ಸಾಲಿಗೆ ಸೇರುತ್ತದೆ, ಯಜಮಾನರಿಗೂ ಹೇಳಿ. ಅತ್ತೆಯವರು ಕೇಳಲೇ ಇಲ್ಲ ಅಂದರೆ ಎಣ್ಣೆ ಹಚ್ಚಿ ಮೆಲ್ಲಗೆ ಸವರಲು ಹೇಳಿ, ಅವರಿಗೂ ಸಮಾಧಾನ. ಅದು ಕೂಡ ತಲೆ ಬಾಚಿದರೆ, ಜಡೆ ಬಿಗಿದರೆ ನೋಯುವ ದಿನ ಬೇಡ. ಆ ದಿನ ಚರ್ಮದ ನರಗಳೇ ಕೆರಳಿರುತ್ತವೆ, ಸವರಿದರೂ ನೋವು ಏರುತ್ತದೆ.

ಕೆಲವು ಲಕ್ಷಣ ಕಂಡರೆ ಫಿಸಿಯೋ ಹತ್ತಿರ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಕ್ಷಣಾರ್ಧದಲ್ಲಿ ಸಿಡಿಲು ಬಡಿದಂಥ ತಲೆನೋವು. ಜ್ವರದ ಜೊತೆ ಕತ್ತು ಬಗ್ಗಿಸಲಾಗದಿರುವುದು. ಹಿಂದೆಂದೂ ಇಲ್ಲದ ಕತ್ತುನೋವಿನ ಜೊತೆ ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು, ಎರಡೆರಡು ಕಾಣುವುದು, ನಡೆಯುವಾಗ ವಾಲುವುದು. ಕೈಯಿಂದ ಸೀರೆ ಪಿನ್ನು ಹಾಕಲು, ಗುಂಡಿ ಹಾಕಲು ಆಗದಷ್ಟು ಬೆರಳು ಮರಗಟ್ಟುವುದು, ಮೂತ್ರದ ಹತೋಟಿ ತಪ್ಪುವುದು. ಬಿದ್ದು ಪೆಟ್ಟಾದ ಮೇಲೆ ಬಂದ ಕತ್ತುನೋವಿಗೂ ಇದೇ ಮಾತು.

ಕೊನೆಗೆ ಕಾಲರ್. ಒಂದೂವರೆ ವರ್ಷದ ನೋವಿಗೆ ಅದರಿಂದ ಏನೂ ಲಾಭವಿಲ್ಲ, ಸ್ನಾಯು ಸೋಮಾರಿಯಾಗುತ್ತದೆ ಅಷ್ಟೇ. ಈಗ ದಿನಕ್ಕೆ ಎಷ್ಟು ಗಂಟೆ ಹಾಕುತ್ತೀರೋ ನೋಡಿ, ಡಾಕ್ಟರನ್ನು ಒಂದು ಮಾತು ಕೇಳಿ, ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ಬಿಟ್ಟುಬಿಡಿ. ಬಸ್ಸಿನಲ್ಲಿ ದೂರ ಹೋಗುವಾಗ ಕುಲುಕಾಟಕ್ಕೆ ಹೆದರಿಕೆ ಅನ್ನಿಸಿದರೆ ಅಷ್ಟು ಹೊತ್ತಿಗೆ ಮಾತ್ರ ಹಾಕಿಕೊಳ್ಳಿ, ತಕರಾರಿಲ್ಲ.